ವಾಲ್ವ್ ಕೀಲಿ, ಹದಿಮೂರು ಓಟು

ಶ್ರೀರಂಗಪಟ್ಟಣ ಎಂದರೆ ಹೊರಗಿನವರಿಗೆ ಕೋಟೆ, ರಂಗನಾಥ, ಟಿಪ್ಪು. ಅಲ್ಲೊಂದು ಮುನ್ಸಿಪಾಲ್ಟಿಯೂ ಇದೆ, ಅದಕ್ಕೆ ಎಲೆಕ್ಷನ್ ನಡೆಯುತ್ತದೆ, ಆ ಎಲೆಕ್ಷನ್ನಿನಲ್ಲಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ ಎಂಬುದೆಲ್ಲ ಬಸ್ಸಿಳಿದು ದರಿಯಾ ದೌಲತ್ ನೋಡಿಕೊಂಡು ಮೈಸೂರಿಗೆ ಹೋಗುವವರ ಕಣ್ಣಿಗೆ ಬೀಳುವ ಸಂಗತಿಯಲ್ಲ. ನಾನು ಬೆಳೆದದ್ದು ನಡುಗಡ್ಡೆಯ ಮೂಡಲ ಭಾಗದ ಗಂಜಾಂನಲ್ಲಿ. ಕೋಟೆಯ ಪಡುವಲಿಗೆ ಎರಡಾಗುವ ಕಾವೇರಿ ನಮ್ಮೂರು ದಾಟಿ ಸಂಗಮದಲ್ಲಿ ಮತ್ತೆ ಕೂಡುತ್ತದೆ. ನಡುವೆ ಉಳಿದ ಐದು ಕಿಲೋಮೀಟರ್ ಉದ್ದದ ನೆಲವೇ ಊರು. ಸರ್ಕಾರದ ಲೆಕ್ಕದಲ್ಲಿ ಅದು ಪಟ್ಟಣ. ಕಾಲಿಟ್ಟರೆ ಭತ್ತದ ಗದ್ದೆ, ಕಬ್ಬು, ತೆಂಗು, ಬೀದಿಯಲ್ಲೇ ಕಟ್ಟಿದ ಎಮ್ಮೆ, ದಡದಲ್ಲಿ ಬೋರಲು ಹಾಕಿದ ಹರಿಗೋಲು. ಒಂದು ಕಾಲಕ್ಕೆ ಗಂಜಾಂ ಅಂಜೂರ ಅಂದರೆ ದೂರದೂರಿಗೂ ಹೆಸರು. ಹಳ್ಳಿಯೊಂದಕ್ಕೆ ಅಳತೆ ನೋಡದೆ ಪುರಸಭೆಯ ಅಂಗಿ ತೊಡಿಸಿದ ಹಾಗಿತ್ತು ನಮ್ಮ ಕಡೆ.

ಆ ಪುರಸಭೆಯ ಮೆಂಬರಿಗೆ ಇರುವ ಅಧಿಕಾರ ಎಷ್ಟು ಎಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ಕೋಟೆಗೋಡೆ, ದರಿಯಾ ದೌಲತ್ ಪುರಾತತ್ವ ಇಲಾಖೆಯವು. ರಂಗನಾಥಸ್ವಾಮಿಯ ಹುಂಡಿ, ನಮ್ಮ ನಿಮಿಷಾಂಬೆಯ ಹುಂಡಿ ಎರಡೂ ಮುಜರಾಯಿಗೆ. ಹೊಳೆ, ನಾಲೆ ನೀರಾವರಿಯವರಿಗೆ. ಕೋಟೆ ಹಾಯ್ದು ಹೋಗುವ ರೈಲು ದಿಲ್ಲಿಯವರದು. ಕಂಠೀರವ ನರಸರಾಜ ಒಡೆಯರು ಹೊಳೆಯ ಮೇಲೆಯೇ ನೀರು ದಾಟಿಸಿ ಬಂಗಾರದೊಡ್ಡಿ ನಾಲೆಯನ್ನು ನಡುಗಡ್ಡೆಗೆ ತಂದರಂತೆ. ಅಂಥ ಕೆಲಸಕ್ಕೆ ರಾಜನೇ ಬೇಕು, ಮೆಂಬರಿಂದ ಆಗುವುದಲ್ಲ. ಇನ್ನು ಮನೆ ಕಟ್ಟುವ ಮಾತು. 2010ರಲ್ಲಿ ಸ್ಮಾರಕಗಳ ಕಾಯ್ದೆ ತಿದ್ದುಪಡಿಯಾದ ಮೇಲೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಏಳುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ತರಬೇಕು. ಹೆಜ್ಜೆಗೊಂದು ಸ್ಮಾರಕ ಇರುವ ಊರಲ್ಲಿ ಈ ಸುತ್ತುಗಳು ಒಂದರ ಮೇಲೊಂದು ಬೀಳುತ್ತವೆ. 'ಲೈಸೆನ್ಸ್ ಕೊಡಿಸ್ತೀನಿ, ನನ್ನ ಜವಾಬ್ದಾರಿ' ಎಂದು ಬೇರೆ ಊರಿನ ಮೆಂಬರು ಎದೆ ತಟ್ಟಿ ಹೇಳುವ ಮಾತು ನಮ್ಮವರ ಬಾಯಲ್ಲಿ ಬರುವ ಹಾಗಿಲ್ಲ. ಜೋಡಿ ಹಳಿಗೆ ದಾರಿ ಬೇಕೆಂದು ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಬುಡಸಮೇತ ಎಬ್ಬಿಸಿ, ಜರುಗಿಸಿ, ಆಚೆ ಕೂರಿಸಿದರಲ್ಲ, ಆಗ ನಮ್ಮ ಬೀದಿಯ ಹಿರಿಯರೊಬ್ಬರು ನೋಡಿಕೊಂಡು ಬಂದು ಜಗಲಿಯಲ್ಲಿ ಕೂತು ಹೇಳಿದ್ದು: "ಮದ್ದಿನ ಮನೆಗೂ ಕಾಲು ಬಂತು ಕಣಪ್ಪ. ನನ್ನ ಹಿತ್ಲು ಗೋಡೆ ಮಾತ್ರ ಅಲ್ಲೇ ಬಿದ್ದದೆ."

ಹೀಗೆ ಎಲ್ಲರ ಪಾಲು ಎಲ್ಲರೂ ತೆಗೆದುಕೊಂಡ ಮೇಲೆ ಮೆಂಬರಿಗೆ ಉಳಿಯುವುದು ಚರಂಡಿ, ಬೀದಿ ದೀಪ, ಕಸ ಮತ್ತು ನಲ್ಲಿ. ಇಷ್ಟಕ್ಕೇ ಇಷ್ಟೊಂದು ಜಿದ್ದೇ ಎಂದು ಮೈಸೂರಿನ ನೆಂಟರು ನಗುತ್ತಿದ್ದರು. ಇಷ್ಟೇ ಉಳಿದದ್ದರಿಂದಲೇ ಜಿದ್ದು ಎಂಬುದು ನನ್ನ ಎಣಿಕೆ. ವಿಧಾನಸಭೆಗೆ ಹಾಕಿದ ಓಟು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಯಾರಿಗೂ ತಿಳಿಯುವುದಿಲ್ಲ. ಮುನ್ಸಿಪಾಲ್ಟಿಗೆ ಹಾಕಿದ್ದು ಮಾತ್ರ ಮಾರನೇ ಬೆಳಗ್ಗೆ ಕೊಡಪಾನದಲ್ಲಿ ಕಾಣಿಸುತ್ತದೆ, ಇಲ್ಲವೇ ಕಾಣಿಸುವುದಿಲ್ಲ.

ನನ್ನ ದೊಡ್ಡಪ್ಪನಿಗೆ ಮೆಂಬರಾಗುವ ಆಸೆ ಯಾವತ್ತಿನಿಂದ ಇತ್ತೋ ಗೊತ್ತಿಲ್ಲ. ನಮಗೆ ಬುದ್ಧಿ ಬರುವ ಹೊತ್ತಿಗೆ ಅವರು ವಾರ್ಡಿನ ಯಾವ ಮದುವೆಯ ಮುಯ್ಯಿಯನ್ನೂ ತಪ್ಪಿಸುತ್ತಿರಲಿಲ್ಲ. ಸಾವಿನ ಮನೆಗೆ ಸೌದೆ ಮೊದಲು ಹೋಗುತ್ತಿದ್ದುದು ನಮ್ಮ ಗಾಡಿಯಿಂದ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಪುರಸಭೆಗಳಲ್ಲಿ ಮೂರರಲ್ಲೊಂದು ಸ್ಥಾನ ಹೆಂಗಸರಿಗೆ ಎಂದಾಯಿತು. ಅದಾದ ಮೇಲಿನ ಮೊದಲ ಎಲೆಕ್ಷನ್ನಿಗೆ ಮೀಸಲಾತಿ ಪಟ್ಟಿ ಬಂದಾಗ ನಮ್ಮ ವಾರ್ಡಿನ ಎದುರು 'ಸಾಮಾನ್ಯ ಮಹಿಳೆ' ಎಂದಿತ್ತು. ದೊಡ್ಡಪ್ಪ ಆ ರಾತ್ರಿ ಉಣ್ಣಲಿಲ್ಲ. ಬೆಳಗ್ಗೆ ಎದ್ದವರೇ ದೊಡ್ಡವ್ವನ ಮುಂದೆ ನಾಮಪತ್ರ ಇಟ್ಟು, "ಇಲ್ಲಿ ರುಜು ಮಾಡು" ಅಂದರು. ದೊಡ್ಡವ್ವ ಕೈಗೆ ಮೆತ್ತಿದ್ದ ರಾಗಿ ಹಿಟ್ಟು ತೊಳೆದುಕೊಂಡು ಬಂದು ರುಜು ಮಾಡಿದರು.

ಕರಪತ್ರ ಮೈಸೂರಿನಲ್ಲಿ ಅಚ್ಚಾಗಿ ಬಂತು. ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದ ದೊಡ್ಡವ್ವನ ಮುಖ. ಅದರಲ್ಲಿ ಅವರಿಗೆ ಹದಿನೆಂಟೋ ಹತ್ತೊಂಬತ್ತೋ, ಹಣೆಗೆ ಬಾಸಿಂಗದ ದಾರ. ಕೆಳಗೆ ಸಣ್ಣಕ್ಷರದಲ್ಲಿ ಅವರ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ 'ಇವರು' ಎಂದು ದೊಡ್ಡಪ್ಪನ ಹೆಸರು ಹಾಕಿ 'ಅವರ ಧರ್ಮಪತ್ನಿ' ಎಂದು. ಚೀಟಿ ಬರೆಯಲು ಕೂತಿದ್ದ ನಮಗೆ ಓಟು ಯಾರಿಗೆ ಕೇಳುತ್ತಿದ್ದೇವೆ ಎಂದು ತಿಳಿಯಬೇಕಾದರೆ ಎರಡು ಸಲ ಓದಬೇಕಿತ್ತು.

ಚೀಟಿ ಬರೆಯುವ ಕೆಲಸದಷ್ಟು ಊರನ್ನು ಕಲಿಸುವ ಕೆಲಸ ಇನ್ನೊಂದಿಲ್ಲ. ಮತದಾರರ ಪಟ್ಟಿಯಲ್ಲಿ ಸತ್ತವರು ಬದುಕಿರುತ್ತಾರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನಲ್ಲೇ ಇರುತ್ತಾರೆ, ಎದುರುಮನೆ ಜವರಾಯಿ ನೆರೆಬೀದಿಯ ಯಾರದೋ ಗಂಡನಾಗಿರುತ್ತಾನೆ. ಗೋಣಿಚೀಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು ಒಂದೊಂದೇ ಹೆಸರು ಕೂಗುವುದು, ಜಗಲಿಯ ಹಿರಿಯರು ಪ್ರತಿ ಹೆಸರಿಗೂ ತೀರ್ಪು ಕೊಡುವುದು: "ನಮ್ದು." "ಅವ್ರ್ದು." "ಇವ್ನು ದುಡ್ಡು ಎಲ್ಲಿ ಬೀಳ್ತದೋ ಅಲ್ಲಿ." "ಇವ್ಳು ಮಾತ್ರ ಹೇಳಕಾಗಾಕಿಲ್ಲ ಬುಡು." ಒಂದು ವಾರ್ಡು ಎಂದರೆ ಸಾವಿರದ ಆಸುಪಾಸು ಜನ. ಅದರಲ್ಲಿ ಓಟಿರುವವರು ಇನ್ನೂ ಕಡಿಮೆ. ಪೆನ್ಸಿಲ್ ಗುರುತು ಹಾಕಿ ಮುಗಿಸುವಷ್ಟರಲ್ಲಿ ಫಲಿತಾಂಶ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತಿತ್ತು. 'ಹೇಳಕಾಗಾಕಿಲ್ಲ' ಎನ್ನುವ ಮೂವತ್ತು ನಲವತ್ತು ಮನೆಗೇ ಎಲ್ಲರ ಓಡಾಟ.

ಆ ಮನೆಗಳಿಗೆ ಎಲೆಯಡಿಕೆ ಹಿಡಿದು ಹೋಗುವುದು ನಮ್ಮ ಕಡೆಯ ರೂಢಿ. ತಟ್ಟೆಯ ಮೇಲೆ ಕೈಯಿಡಿಸಿ, ನಿಮಿಷಾಂಬೆ ಆಣೆ ಎನ್ನಿಸಿಕೊಂಡರೆ ಆ ಓಟು ಕಟ್ಟಿಟ್ಟಂತೆ. ಮೂಗುತಿ, ಕುಂಕುಮದ ಭರಣಿ, ಬಾಡೂಟ ಇವೆಲ್ಲ ಕೊಟ್ಟು ಮರೆಯುವಂಥವು, ಆಣೆ ಮಾತ್ರ ಮರೆಯುವಂಥದ್ದಲ್ಲ. ದೊಡ್ಡವ್ವ ಇಲ್ಲಿ ಅಡ್ಡ ನಿಂತರು. "ಕೈ ಮುಗ್ಯೋಕೆ ಎಲ್ಲಿಗೆ ಅಂದ್ರೆ ಅಲ್ಲಿಗೆ ಬತ್ತೀನಿ. ಆಣೆ ಹಾಕ್ಸೋಕೆ ಬರಾಕಿಲ್ಲ. ನಾಳೆ ಅವರ ಮಗೀಗೆ ಜ್ವರ ಬಂದ್ರೂ ನಂದೇ ಓಟು ಅಂದ್ಕತಾರೆ." ದೊಡ್ಡಪ್ಪ ಕೂಗಾಡಿದರು, ಬೆಂಬಲಿಗರು ತಲೆ ಮೇಲೆ ಕೈಹೊತ್ತರು. ಆದರೂ ಗೆದ್ದರು, ಬೆರಳಲ್ಲಿ ಎಣಿಸಿ ಮುಗಿಸುವಷ್ಟು ಓಟಿನಿಂದ. ಆಣೆ ಇಡಿಸದೆ ಇದ್ದದ್ದಕ್ಕೇ ಗೆದ್ದರೆಂದು ಹೇಳಲಾರೆ. ಎದುರಾಳಿಯ ಮನೆಯಲ್ಲಿ ಒಡಕಿತ್ತು, ಅವರ ಓರಗಿತ್ತಿಯೇ ಬಂಡಾಯ ನಿಂತಿದ್ದರು.

ಪುರಸಭೆಯ ಸಭೆಗೆ ದೊಡ್ಡಪ್ಪ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಒಳಗೆ ಗಂಡಂದಿರಿಗೆ ಜಾಗವಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಅಂಥ ಗಂಡಂದಿರದೇ ಇನ್ನೊಂದು ಸಭೆ ನಡೆಯುತ್ತಿತ್ತು, ಅಜೆಂಡಾ ಸಮೇತ. ಒಳಗಿನ ಸಭೆಯಲ್ಲಿ ದೊಡ್ಡವ್ವ ಮಾತಾಡಿದ್ದು ಕಡಿಮೆ. ನಡಾವಳಿ ಪುಸ್ತಕ ತೆಗೆದು ನೋಡಿದವರಿಗೆ 'ಹಾಜರು' ಎಂಬುದು ಬಿಟ್ಟರೆ ಅವರ ಬಗ್ಗೆ ಬೇರೆ ಸಾಲು ಸಿಗಲಿಕ್ಕಿಲ್ಲ. ಹೆಂಗಸರ ಮೀಸಲಾತಿಯನ್ನು ಅಳೆಯುವವರು ಈ ಪುಸ್ತಕವನ್ನೇ ಹಿಡಿದು ಕೂರುತ್ತಾರೆ. ದೊಡ್ಡವ್ವನ ಮೆಂಬರಿಕೆ ನಡೆದದ್ದು ಬೇರೆ ಕಡೆ.

ನಮ್ಮ ಬೀದಿ ಏರು. ಸುತ್ತ ಹೊಳೆ ಇದ್ದರೇನು, ಟ್ಯಾಂಕಿನಿಂದ ಬರುವ ಹಳೇ ಕೊಳವೆಯಲ್ಲಿ ನೀರು ತಗ್ಗಿನ ಕೇರಿಗೆ ಭೋರೆಂದು ಸುರಿದರೆ ಏರಿನ ಮನೆಗಳಿಗೆ ಹೆಬ್ಬೆರಳ ಗಾತ್ರವೂ ಬರುತ್ತಿರಲಿಲ್ಲ. ಎರಡು ಬೀದಿ ಕೂಡುವ ಕಡೆ ನೆಲದೊಳಗೆ ಒಂದು ವಾಲ್ವು. ಅದನ್ನು ತಿರುಗಿಸಲು ಎದೆಯೆತ್ತರದ ಕಬ್ಬಿಣದ ಕೀಲಿ, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕ ಬಾಯಿ. ಹಿಡಿ ಎರಡೂ ಕಡೆ ಸವೆದು ಹೊಳೆಯುತ್ತಿತ್ತು. ನೀರು ಬಿಡುವವನು ರಜೆ ಹಾಕಿದ ದಿನ ಕೀಲಿ ಯಾರ ಕೈಗೆ ಸಿಕ್ಕಿತೋ ಅವರ ಬೀದಿಗೆ ನೀರು. ಕೀಲಿ ಬಚ್ಚಿಟ್ಟವರುಂಟು, ಕೀಲಿಗಾಗಿ ಕೈಮಿಲಾಯಿಸಿದವರುಂಟು. ದೊಡ್ಡವ್ವ ಮೆಂಬರಾದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಆ ಕೀಲಿಯನ್ನು ತಂದು ನಮ್ಮ ಜಗಲಿಯ ಮೂಲೆಗೆ ಒರಗಿಸಿದ್ದು. ಎರಡನೆಯದು, ತಗ್ಗಿನ ಕೇರಿಯ ಇಬ್ಬರು ಹೆಂಗಸರನ್ನು ಕರೆದು, ದಿನ ಬಿಟ್ಟು ದಿನ ನಿಮ್ಮ ಕೈಯಲ್ಲಿರಲಿ ಎಂದದ್ದು. ಗಡಿಯಾರದ ಹೊತ್ತಿಗೆ ಜಗಳ ತಪ್ಪದು ಎಂದು ರೇಡಿಯೋದ ಹೊತ್ತು ಗೊತ್ತು ಮಾಡಿದರು. ಬೆಳಗ್ಗೆ ಪ್ರದೇಶ ಸಮಾಚಾರ ಶುರುವಾಯಿತೆಂದರೆ ವಾಲ್ವು ಏರಿಗೆ ತಿರುಗಬೇಕು. ಎಲ್ಲರ ಮನೆಯಲ್ಲೂ ಅದೇ ಆಕಾಶವಾಣಿ, ತಕರಾರಿಗೆ ಎಡೆಯಿಲ್ಲ. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಎಷ್ಟೋ ಬೆಳಗ್ಗೆ ವಾಲ್ವು ತಿರುಗಿಸಿದ್ದೇನೆ. ಮೊದಲ ಸುತ್ತು ಬಿಗಿ, ಆಮೇಲೆ ನೆಲದೊಳಗೆ ನೀರು ಹೊರಳುವುದು ಅಂಗೈಗೇ ಗೊತ್ತಾಗುತ್ತಿತ್ತು.

ಕ್ರಮೇಣ ಜನ ದೊಡ್ಡಪ್ಪನನ್ನು ಕೇಳುವುದು ಬಿಟ್ಟರು. ಹಿಂದಿನ ಬಾಗಿಲಿಗೆ ಬರುತ್ತಿದ್ದರು, ಅಡಿಗೆಮನೆಯ ಹೊಸ್ತಿಲಿಗೆ. ದೊಡ್ಡಪ್ಪ ಜಗಲಿಯಲ್ಲಿ ಪೇಪರು ಹಿಡಿದು ಕೂತೇ ಇರುತ್ತಿದ್ದರು, ಪಕ್ಕದಲ್ಲಿ ಒರಗಿದ ಕೀಲಿ. ಮುಂದಿನ ಸಲ ಮೀಸಲಾತಿ ಸುತ್ತಿ ವಾರ್ಡು ಬೇರೆಯವರಿಗೆ ಹೋಯಿತು. ದೊಡ್ಡವ್ವ ಮತ್ತೆ ನಿಲ್ಲಲಿಲ್ಲ. ಪ್ರತಿ ಎಲೆಕ್ಷನ್ನಿಗೂ ಸ್ಥಾನ ಸುತ್ತುವುದು ನ್ಯಾಯದ ದೃಷ್ಟಿಯಿಂದ ಸರಿ ಇರಬಹುದು. ಕೆಲಸ ಕಲಿತವರನ್ನು ಕಲಿತ ದಿನವೇ ಮನೆಗೆ ಕಳಿಸುವ ಏರ್ಪಾಟೂ ಅದೇ.

ಹೊಳೆಯಾಚೆ ಮಹದೇವಪುರದ ಕಡೆ ನನ್ನ ತಾಯಿಯ ತವರು. ಅಲ್ಲಿ ಪಂಚಾಯ್ತಿ. ಕಣ್ಣಳತೆಯ ದೂರ, ಆದರೆ ಓಟಿನ ಲೆಕ್ಕವೇ ಬೇರೆ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ 1987ರಲ್ಲಿ ನಡೆದ ಮಂಡಲ ಪಂಚಾಯ್ತಿ ಎಲೆಕ್ಷನ್ ನನ್ನ ಸೋದರಮಾವನಿಗೆ ಇನ್ನೂ ನಿನ್ನೆಯಷ್ಟೇ ನಡೆದಂತಿದೆ. ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನ ಎಂದು ದೇಶದ ತಿದ್ದುಪಡಿಗೂ ಮುಂಚೆ ಇಟ್ಟವರು ಅವರು. ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎನ್ನಿಸಿಕೊಂಡವರೂ ಅವರೇ. 1993ರ ಕಾಯ್ದೆ ಬಂದು ಗ್ರಾಮ ಪಂಚಾಯ್ತಿಯಾದ ಮೇಲೆ 400 ಜನಕ್ಕೊಬ್ಬ ಮೆಂಬರು. ಒಂದು ಕ್ಷೇತ್ರದಲ್ಲಿ ಇಬ್ಬರು, ಮೂವರು, ನಾಲ್ವರ ತನಕ ಸ್ಥಾನ ಇರಬಹುದು, ಎಷ್ಟು ಸ್ಥಾನವೋ ಒಬ್ಬೊಬ್ಬರಿಗೆ ಅಷ್ಟು ಓಟು. ಪಕ್ಷದ ಚಿಹ್ನೆ ಇಲ್ಲ. ಆಟೋರಿಕ್ಷಾ, ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರ್ ಇಂಥವು. ನಮ್ಮ ಕಡೆ ಒಂದೇ ಓಟು, ಅದಕ್ಕೆ ಬಿ ಫಾರಂ, ಬಾವುಟ, ಎಲ್ಲ ಉಂಟು.

ಈ ನಾಲ್ಕು ಓಟಿನ ಗಣಿತವನ್ನು ಯಾವ ಪುಸ್ತಕದವರೂ ಬರೆದದ್ದು ನಾನು ಕಂಡಿಲ್ಲ. ಅತ್ತೆ ಒಮ್ಮೆ ಸೊಪ್ಪು ಬಿಡಿಸುತ್ತಾ ಬಿಡಿಸಿ ಹೇಳಿದರು: "ಮೊದ್ಲ ಓಟು ನೆಂಟ್ರಿಗೆ. ಎರಡನೇದು ಕಷ್ಟಕ್ಕಾದೋರ್ಗೆ. ಮೂರನೇದು ಕೊಟ್ಟೋರ್ಗೆ. ಕಡೇದು, ಎದುರು ಮನೆಯೋರು ನಾಳೆ ಮಕ ತಿರುಗಿಸ್ಕೊಂಡು ಹೋಗ್ದೆ ಇರ್ಲಿ ಅಂತ." ಒಂದೇ ಓಟಿದ್ದರೆ ನೆಂಟಸ್ತಿಕೆ, ಉಪಕಾರ, ದುಡ್ಡು, ನೆರೆಹೊರೆ ನಾಲ್ಕೂ ಅದನ್ನೇ ಎಳೆದಾಡುತ್ತವೆ. ನಮ್ಮ ಗಂಜಾಂನಲ್ಲಿ ಎಲೆಕ್ಷನ್ ಮುಗಿದ ಮೇಲೆ ವರ್ಷಗಟ್ಟಲೆ ಮಾತು ಬಿಡುತ್ತಿದ್ದರೆ, ಆಚೆ ದಡದಲ್ಲಿ ಗೌರಿ ಹಬ್ಬದ ಹೊತ್ತಿಗೆ ಬಾಗಿನ ಕೊಟ್ಟು ತೆಗೆದುಕೊಳ್ಳುವುದು ಶುರುವಾಗುತ್ತಿತ್ತು. ಕಾರಣ ಇದೇ ಇರಬೇಕು. ಅಲ್ಲಿಯದೆಲ್ಲ ಚೆನ್ನ ಎನ್ನಲಾರೆ. 2020ರ ಡಿಸೆಂಬರಿನ ಎಲೆಕ್ಷನ್ನಿನಲ್ಲಿ ರಾಜ್ಯದ ಹಲವೆಡೆ ಸದಸ್ಯ ಸ್ಥಾನವನ್ನೇ ಹರಾಜು ಕೂಗಿ, ದೇವಸ್ಥಾನಕ್ಕೆ ದುಡ್ಡು ಎಂದು ಹೇಳಿ, ಅವಿರೋಧ ಆಯ್ಕೆ ಎಂದು ಬರೆಸಿದ ಸುದ್ದಿ ಬಂತಲ್ಲ, ಅದು ಪಂಚಾಯ್ತಿಯದೇ ಕಥೆ. ಮಾವ ಆಗ ಬೆರಳಿನ ಶಾಯಿ ತೋರಿಸಿ, "ಹರಾಜಿಗೆ ಇದರ ಖರ್ಚಿಲ್ಲ ನೋಡು" ಎಂದರು. ದೇಶಕ್ಕೆಲ್ಲ ಆ ಶಾಯಿ 1962ರಿಂದ ಹೋಗುತ್ತಿರುವುದು ನಮ್ಮ ಪಕ್ಕದ ಮೈಸೂರಿನ ಬಣ್ಣದ ಕಾರ್ಖಾನೆಯಿಂದ, ನಾಲ್ವಡಿಯವರು 1937ರಲ್ಲಿ ಕಟ್ಟಿಸಿದ್ದು.

2019ರ ಮೇ ತಿಂಗಳ ಪುರಸಭೆ ಎಲೆಕ್ಷನ್ ಹೊತ್ತಿಗೆ ನಾನು ಬೆಂಗಳೂರಿನಲ್ಲಿದ್ದೆ. ಓಟು ಊರಲ್ಲೇ ಇತ್ತು, ತೆಗೆಸಿರಲಿಲ್ಲ. ನಮ್ಮ ವಾರ್ಡಿಗೆ ನಿಂತಿದ್ದ ಹುಡುಗ ನಾನು ಎತ್ತಿ ಆಡಿಸಿದವನು. ಮೈಸೂರಲ್ಲಿ ಮೊಬೈಲ್ ಅಂಗಡಿ, ಊರಲ್ಲಿ ಗಣಪತಿ ಕೂರಿಸುವ ಸಂಘ. ದೊಡ್ಡವ್ವನ ಕಾಲಿಗೆ ಬಿದ್ದು ಓಟು ಕೇಳಿದ. ಆಗ ದೊಡ್ಡವ್ವನಿಗೆ ಮಂಡಿನೋವು, ಜಗಲಿ ಬಿಟ್ಟು ಕದಲುತ್ತಿರಲಿಲ್ಲ.

"ವಾಲ್ವು ಎಲ್ಲದೆ ಗೊತ್ತೇನ್ಲಾ ಮಗ?"

"ಈಗೆಲ್ಲ ಒಂದು ಫೋನ್ ಮಾಡಿದ್ರೆ ಆಯ್ತದೆ ಅಜ್ಜಿ."

"ಫೋನ್ ಎತ್ತದೆ ಹೋದ್ರೆ?"

ಹುಡುಗ ನಕ್ಕು ಮುಂದಿನ ಮನೆಗೆ ಹೋದ. ಗೆದ್ದ. ಗೆದ್ದ ಮೇಲೆ ಏನಾಯಿತು ಎಂಬುದೇ ವಿಚಿತ್ರ. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ ಕೂತಿತ್ತು, ನಮ್ಮ ಊರಿನದೊಂದೇ ಅಲ್ಲ, ಇಡೀ ರಾಜ್ಯದ್ದು. 2018ರಲ್ಲಿ ಗೆದ್ದವರೂ ಕಾಯುತ್ತಿದ್ದರು, 2019ರಲ್ಲಿ ಗೆದ್ದವರೂ ಅವರ ಹಿಂದೆ ಸಾಲಿಗೆ ನಿಂತರು. ಅಧ್ಯಕ್ಷರಿಲ್ಲದ ಪುರಸಭೆಗೆ ಸಭೆಯಿಲ್ಲ, ಆಡಳಿತಾಧಿಕಾರಿಯ ರುಜುವೇ ರುಜು. 23 ವಾರ್ಡಿನ 23 ಜನ ಹಾರ ಹಾಕಿಸಿಕೊಂಡು ಮನೆಯಲ್ಲಿ ಕೂತರು.

ಅಷ್ಟರಲ್ಲಿ ಆಗಸ್ಟ್ ಬಂತು. ಕೊಡಗಿನಲ್ಲಿ ಮಳೆ ಹಿಡಿದು, ಕಟ್ಟೆಯಿಂದ ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಬಿಟ್ಟರು. ನಡುಗಡ್ಡೆಯವರಿಗೆ ಹೊಳೆಯ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಕೆಂಪಗೆ ಬಂದು ದಡದ ಜೊಂಡು ಬಾಗಿತೆಂದರೆ ರಾತ್ರಿಗೆ ಏರುತ್ತದೆ. ಸುದ್ದಿ ತಿಳಿದು ನಾನು ಊರಿಗೆ ಬಂದೆ. 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು, ನಿಮಿಷಾಂಬೆಯ ಸೋಪಾನಗಳು ಕಾಣುತ್ತಿರಲಿಲ್ಲ, ಸಂಗಮದ ದಾರಿಗೆ ಪೊಲೀಸರು ಅಡ್ಡ ಹಾಕಿದ್ದರು. ನಮ್ಮ ಹುಡುಗ ಪ್ಯಾಂಟು ಮಂಡಿಗೆ ಮಡಿಸಿಕೊಂಡು ತಗ್ಗಿನ ಕೇರಿಯಲ್ಲಿ ಮನೆಮನೆ ಬಾಗಿಲು ತಟ್ಟುತ್ತಿದ್ದ. ಒಂದು ಟ್ರ್ಯಾಕ್ಟರ್ ಬೇಕಿತ್ತು. ಅದನ್ನು ಕೇಳಲು ಅವನಿಗೆ ಅಧಿಕಾರವಿಲ್ಲ, ಬಾಡಿಗೆ ಬರೆಯಲು ಪುಸ್ತಕವಿಲ್ಲ. ಸೋತ ಅಭ್ಯರ್ಥಿಯ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಮೇ ತಿಂಗಳಿನಿಂದ ಎರಡೂ ಮನೆಗೆ ಮಾತಿರಲಿಲ್ಲ. ಹುಡುಗ ಆ ಮನೆ ಮುಂದೆ ನಿಂತು, "ಅಣ್ಣ, ಕೀ ಕೊಡು" ಎಂದ. ಅವರು ಕೀ ಕೊಡಲಿಲ್ಲ, ತಾವೇ ಹತ್ತಿ ಓಡಿಸಿಕೊಂಡು ಬಂದರು. ಅಡಿಗೆ ಪಾತ್ರೆ, ರಾಗಿ ಮೂಟೆ, ಒಬ್ಬ ಬಾಣಂತಿ, ಎರಡು ಮೇಕೆ ಹೀಗೆ ಏರಿನ ಶಾಲೆಯ ತನಕ ಓಡಾಡಿದ್ದೇ ಓಡಾಡಿದ್ದು. ಇಬ್ಬರೂ ರಾತ್ರಿಯಿಡೀ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು. ಹೊಳೆ ಇಳಿದ ಮೇಲೆ ಮತ್ತೆ ನಿಲ್ಲಿಸಿದರು.

ಮೀಸಲಾತಿ ಪಟ್ಟಿ ಹೊರಬಿದ್ದು ಅಧ್ಯಕ್ಷರ ಆಯ್ಕೆಗೆ ದಾರಿಯಾದದ್ದು 2020ರ ಅಕ್ಟೋಬರಿನಲ್ಲಿ, ಗೆದ್ದು ಹೆಚ್ಚುಕಡಿಮೆ ಒಂದೂವರೆ ವರ್ಷವಾದ ಮೇಲೆ. 23 ಮೆಂಬರುಗಳ ಜತೆಗೆ ಎಂಎಲ್‌ಎ, ಎಂಪಿಗೂ ಓಟುಂಟು. ಒಟ್ಟು 25, ಹದಿಮೂರು ಬಿದ್ದವರು ಕುರ್ಚಿಗೆ. ಇಂಥ ದಿನಗಳಲ್ಲಿ ಮೆಂಬರುಗಳನ್ನು ದೇವರ ದರ್ಶನಕ್ಕೆಂದು ಗಾಡಿ ಹತ್ತಿಸುವ ರೂಢಿ ರಾಜ್ಯದ ಎಷ್ಟೋ ಪುರಸಭೆಗಳಲ್ಲಿದೆ. ನಮ್ಮ ಹುಡುಗನ ಫೋನೂ ಆ ವಾರ ಸ್ವಿಚ್ ಆಫ್ ಆಗಿತ್ತು. ದೊಡ್ಡವ್ವ ಅದನ್ನು ಕೇಳಿ, "ಎತ್ತದೆ ಹೋದ್ರೆ ಅಂತ ಅವತ್ತೇ ಕೇಳಿರ್ಲಿಲ್ವಾ" ಎಂದು ತಮ್ಮಷ್ಟಕ್ಕೆ ನಕ್ಕರು.

ಸಭೆ ಶುರುವಾದ ಮೇಲೆ ಅವನ ಕೈಗೆ ಹೋದ ಅರ್ಜಿಗಳಲ್ಲಿ ದೊಡ್ಡವ್ವನದೂ ಒಂದು, ಬರೆದುಕೊಟ್ಟದ್ದು ನಾನು. ಕಬ್ಬಿನ ಲಾರಿಯೊಂದು ಹತ್ತಿ ವಾಲ್ವು ಗುಂಡಿಯ ಮುಚ್ಚಳ ಒಡೆದಿತ್ತು, ಮಕ್ಕಳು ಓಡಾಡುವ ಜಾಗ. ತಿಂಗಳೊಳಗೆ ಹೊಸ ಮುಚ್ಚಳ ಬಂತು, ಸಿಮೆಂಟಿನದು. ಹುಡುಗ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಜಗಲಿಗೆ ಬಂದು ದೊಡ್ಡವ್ವನಿಗೆ ಮೊಬೈಲಲ್ಲಿ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಚೆಂದಾಗದೆ. ಎಷ್ಟಾಯ್ತು?" ಎಂದರು. ಅವನೊಂದು ಮೊತ್ತ ಹೇಳಿದ.

"ಬಿಲ್ಲು ತಕಬಾ," ಎಂದರು ದೊಡ್ಡವ್ವ.